ಅಡ್ಡ ಎಳೆ, ಉದ್ದ ಎಳೆ

ಮಡಿಸಿದ ಜಾಗದಲ್ಲಿ ಬಿರುಕು ಕಂಡಾಗ ರಾತ್ರಿ ಹನ್ನೆರಡೂವರೆ. ಇಟ್ಟಿಗೆ ಬಣ್ಣದ ದಪ್ಪ ಹಾಳೆ, ಅದರ ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಬಿಳಿ ಗೆರೆ. ಬೆರಳಿಂದ ಉಜ್ಜಿದೆ. ಇನ್ನೂ ಜಾಸ್ತಿ ಆಯಿತು. ಮೂರು ರಾತ್ರಿ ಕೂತು ಕತ್ತರಿಸಿ ಅಂಟಿಸಿದ್ದ ಪುಟ್ಟ ಮನೆ ಒಳಗೆ ಚೆನ್ನಾಗೇ ಎದ್ದು ನಿಲ್ಲುತ್ತಿತ್ತು. ಹೊರಗೆ ಮಾತ್ರ ಕಾರ್ಡು ಬೇಸಿಗೆಯ ಹಿಮ್ಮಡಿ ಹಾಗೆ ಒಡೆದಿತ್ತು.

ಅಮ್ಮನಿಗೆ 70 ತುಂಬುವುದಿತ್ತು. ಶಾಲೆಯ ದಾಖಲೆಯಲ್ಲಿ ಅವಳು ಹುಟ್ಟಿದ ದಿನ ಜೂನ್ 1. ಆ ಕಾಲದಲ್ಲಿ ಅರ್ಧ ಕರ್ನಾಟಕ ಹುಟ್ಟಿದ್ದೇ ಜೂನ್ 1ಕ್ಕೆ, ಎಲ್ಲ ಮೇಷ್ಟ್ರ ದಯೆ. ಅಜ್ಜಿ ಹೇಳುತ್ತಿದ್ದ ಲೆಕ್ಕ ಬೇರೆ: "ಆರಿದ್ರಾ ಮಳೆ ಹಿಡಿದಿತ್ತು, ಸೂಲಗಿತ್ತಿ ಗೊರಬು ಹಾಕ್ಕೊಂಡು ಬಂದಿದ್ಲು." ಹಾಗಾಗಿ ನಮ್ಮ ಮನೆಯಲ್ಲಿ ಅಮ್ಮನ ಹುಟ್ಟುಹಬ್ಬ ಎಂದರೆ ಜೂನ್ ಕೊನೆಗೋ ಜುಲೈ ಮೊದಲಿಗೋ ಬರುವ ಒಂದು ಭಾನುವಾರ, ನನಗೆ ರಜೆ ಸಿಕ್ಕ ಹಾಗೆ. ಕೇಕ್ ಇಲ್ಲ. ಪಾಯಸ ಇರುತ್ತದೆ, ಅದನ್ನೂ ಅವಳೇ ಮಾಡುತ್ತಾಳೆ.

ಕಾರ್ಡಿನೊಳಗೆ ನಾನು ಮಾಡಲು ಹೊರಟಿದ್ದು ಭದ್ರಾವತಿಯ ಪೇಪರ್ ಟೌನ್‌ನಲ್ಲಿ ನಾವಿದ್ದ ಕ್ವಾರ್ಟರ್ಸ್. ಬಿಚ್ಚಿದರೆ ಮನೆ ಎದ್ದು ನಿಲ್ಲಬೇಕು, ಮುಂದೆ ತುಳಸಿಕಟ್ಟೆ, ಪಕ್ಕದಲ್ಲಿ ನುಗ್ಗೆಮರ. ಅಪ್ಪ ಅಲ್ಲಿ ಮೈಸೂರು ಪೇಪರ್ ಮಿಲ್ಸ್‌ನಲ್ಲಿ 31 ವರ್ಷ ಕೆಲಸ ಮಾಡಿದವರು. 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆ. ಊರಿನವರ ಬಾಯಲ್ಲಿ ಎಂಪಿಎಂ, ಇಲ್ಲವೇ ಸುಮ್ನೆ ಪೇಪರ್ ಫ್ಯಾಕ್ಟ್ರಿ. ನಮ್ಮೂರಿನ ಮಕ್ಕಳಲ್ಲಿ ಎರಡು ಜಾತಿ: ಕಬ್ಬಿಣದ ಕಾರ್ಖಾನೆಯವರ ಮಕ್ಕಳು, ಕಾಗದದವರ ಮಕ್ಕಳು. ನಾವು ಕಾಗದದವರು. ಈಗ ಆ ಯಂತ್ರಗಳು ನಿಂತು ಎಷ್ಟೋ ವರ್ಷವಾಯಿತು. ಅಪ್ಪ ರಿಟೈರ್ ಆದಮೇಲೆ ನಾವೂ ಕ್ವಾರ್ಟರ್ಸ್ ಬಿಟ್ಟು ಊರೊಳಗೆ ಮನೆ ಮಾಡಿಕೊಂಡೆವು.

ಅಪ್ಪ ಇದ್ದದ್ದು ಟೆಸ್ಟಿಂಗ್ ಲ್ಯಾಬಿನಲ್ಲಿ. ತಯಾರಾದ ಕಾಗದವನ್ನು ತೂಗುವುದು, ಹರಿಯುವುದು, ಒತ್ತಿ ಒಡೆಯುವುದು ಅವರ ಕೆಲಸ. ನಾನು ಚಿಕ್ಕವಳಿದ್ದಾಗ ಡಿಸೆಂಬರ್ ಬಂತೆಂದರೆ ಅಂಗಡಿ ಮುಂದೆ ದಾರ ಕಟ್ಟಿ ಗ್ರೀಟಿಂಗ್ ಕಾರ್ಡು ನೇತು ಹಾಕುತ್ತಿದ್ದರು. ಗುಲಾಬಿ ಹೂ, ಹಿಮದ ಬೆಟ್ಟ, ಬುಟ್ಟಿಯಲ್ಲಿ ಬೆಕ್ಕಿನ ಮರಿ. ಕವರ್ ಅಂಟಿಸದೆ ಬಾಯಿ ಒಳಗೆ ಸಿಕ್ಕಿಸಿ, ಮೇಲೆ ಬುಕ್ ಪೋಸ್ಟ್ ಅಂತ ಬರೆದರೆ ಸ್ಟಾಂಪಿನ ದುಡ್ಡು ಉಳಿಯುತ್ತಿತ್ತು. ನಮ್ಮನೆಗೂ ಹತ್ತಾರು ಬರುತ್ತಿದ್ದವು. ಅಪ್ಪ ಒಳಗಿನದು ಓದುವ ಮೊದಲು ಕಾರ್ಡನ್ನು ಬಲ್ಬಿಗೆ ಹಿಡಿದು ನೋಡುತ್ತಿದ್ದರು, ಕಾಗದದಲ್ಲಿ ನಾರು ಸಮನಾಗಿ ಹರಡಿದೆಯಾ ಅಂತ. "ಮಾಲು ಪರವಾಗಿಲ್ಲ" ಎಂದು ಅಮ್ಮನ ಕೈಗೆ ಕೊಡುತ್ತಿದ್ದರು. ಅಷ್ಟೇ. ಅವರು ಯಾರಿಗೂ ಒಂದು ಕಾರ್ಡು ಕಳಿಸಿದ್ದು ನಾನು ನೋಡಿಲ್ಲ. ಅಮ್ಮನಿಗಂತೂ ಕೇಳಲೇಬೇಡಿ.

ಬಿರುಕು ಬಿಟ್ಟ ಕಾರ್ಡನ್ನು ಎರಡು ರಟ್ಟಿನ ನಡುವೆ ಇಟ್ಟು, ಉಳಿದ ಆರು ಹಾಳೆಗಳ ಜೊತೆ ಶುಕ್ರವಾರ ಸಂಜೆ ರೈಲು ಹತ್ತಿದೆ. ಬೀರೂರು ದಾಟುವವರೆಗೂ ಮಡಿಲಲ್ಲೇ ಇಟ್ಟುಕೊಂಡಿದ್ದೆ. ತರೀಕೆರೆಯ ಹತ್ತಿರ ಮಳೆ ಶುರುವಾಯಿತು. ಕಿಟಕಿ ಹಾಕಿದರೂ ಹಾಳೆಯ ಅಂಚು ನಿಧಾನಕ್ಕೆ ಮುದುರುವುದು ಕೈಗೆ ಗೊತ್ತಾಗುತ್ತಿತ್ತು.

ಶನಿವಾರ ಊಟ ಮುಗಿಸಿ ಅಮ್ಮ ಮಲಗಿದ ಮೇಲೆ ವರಾಂಡದಲ್ಲಿ ಅಪ್ಪನ ಮುಂದೆ ಕಾರ್ಡು ಇಟ್ಟೆ. ಬಿಚ್ಚಿ ಮನೆ ನೋಡುತ್ತಾರೆ, ಏನಾದರೂ ಅನ್ನುತ್ತಾರೆ ಅಂದುಕೊಂಡಿದ್ದೆ. ಬಿಚ್ಚಲೇ ಇಲ್ಲ. ಬೆನ್ನಿನ ಮೇಲಿದ್ದ ಬಿರುಕನ್ನು ಉಗುರಿಂದ ಸವರಿದರು.

"ಎಷ್ಟು ಜಿಎಸ್‌ಎಂ?"

"ಅಂಗಡಿಯವನು 300 ಅಂದ, ಅಪ್ಪ."

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಹಾಳೆ ಕೊಂಡಿದ್ದು ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ. ಮದುವೆ ಕಾರ್ಡಿನ ಅಂಗಡಿ, ಕಾಗದದ ಅಂಗಡಿ ಒತ್ತೊತ್ತಾಗಿ ಇರುವ ಜಾಗ. ಎಷ್ಟು ರೀಮ್ ಬೇಕು ಅಂತ ಕೇಳಿದವನಿಗೆ ಹತ್ತು ಹಾಳೆ ಎಂದಾಗ ಅವನು ನೋಡಿದ ನೋಟ ಇನ್ನೂ ನೆನಪಿದೆ. ಪಾಪ, ಎ4 ಅಳತೆಗೆ ಕತ್ತರಿಸಿ ಕೊಟ್ಟ.

ಅಪ್ಪ ಅಡುಗೆಮನೆಗೆ ಹೋಗಿ ಡಿಜಿಟಲ್ ತಕ್ಕಡಿ ತಂದರು. ಅದು ನಾನೇ ಕೊಡಿಸಿದ್ದು, ಯಾರೂ ಮುಟ್ಟಿರಲಿಲ್ಲ. ಒಂದು ಹಾಳೆ ಇಟ್ಟರು. 16 ಗ್ರಾಂ. "ಒಂದು ಚದರ ಮೀಟರಿಗೆ ಎ4 ಹಾಳೆ ಹದಿನಾರು. ಹದಿನಾರು ಹದಿನಾರ್ಲೆ ಇನ್ನೂರೈವತ್ತಾರು. ಇದು 250ರ ಮಾಲು. 300 ಆಗಿದ್ರೆ 19 ಗ್ರಾಮಿನ ಹತ್ತಿರ ತೂಗ್ಬೇಕಿತ್ತು. ನಿಂಗೆ ಟೋಪಿ ಹಾಕಿದಾನೆ." ಇದನ್ನು ಹೇಳುವಾಗ ಅವರಿಗೆ ಆದ ಖುಷಿ ನೋಡಬೇಕಿತ್ತು.

"ಅದಕ್ಕೇ ಒಡೀತಾ?"

"ಅದಕ್ಕಲ್ಲ. ನೀನು ಅಡ್ಡ ಮಡಚಿದೀಯ."

ಆಮೇಲೆ ಪಾಠ ಶುರು. ಕಾಗದ ಆಗುವ ಮೊದಲು ಅದು ಬರೀ ನೀರು, ನೂರರಲ್ಲಿ ತೊಂಬತ್ತೊಂಬತ್ತು ಪಾಲು ನೀರೇ, ಉಳಿದದ್ದು ನಾರು. ಓಡುವ ಜಾಲರಿ ಮೇಲೆ ಅದನ್ನು ಸುರಿಯುತ್ತಾರೆ. "ಭದ್ರಾ ಹೊಳೇಲಿ ಹುಲ್ಲುಕಡ್ಡಿ ತೇಲಿ ಬರೋದು ನೋಡಿದೀಯಲ್ಲ? ಹರಿಯೋ ಕಡೆಗೇ ಉದ್ದುದ್ದ ಮಲಗಿರುತ್ತೆ. ನಾರೂ ಹಾಗೇ." ಆದ್ದರಿಂದ ಪ್ರತಿ ಹಾಳೆಗೂ ಒಂದು ಉದ್ದ ಎಳೆ ಇದೆ, ಒಂದು ಅಡ್ಡ ಎಳೆ ಇದೆ. ಉದ್ದ ಎಳೆಯ ಜೊತೆ ಮಡಿಸಿದರೆ ನಾರುಗಳ ನಡುವೆ ಮಡಿಕೆ ಬೀಳುತ್ತದೆ. ಅಡ್ಡ ಮಡಿಸಿದರೆ ನಾರೇ ಮುರಿಯುತ್ತದೆ, ಮೇಲಿನ ಬಣ್ಣದ ಪದರ ಒಡೆದು ಒಳಗಿನ ಬಿಳಿ ಕಾಣುತ್ತದೆ. ಎ4 ಹಾಳೆಯಲ್ಲಿ ಸಾಮಾನ್ಯವಾಗಿ ನಾರು ಉದ್ದಕ್ಕೇ ಓಡಿರುತ್ತದೆ. ನಾವು ಕಾರ್ಡು ಮಾಡಲು ಅದನ್ನು ಅರ್ಧಕ್ಕೆ, ಅಂದರೆ ಅಡ್ಡಕ್ಕೇ ಮಡಿಸುತ್ತೇವೆ. ಇಷ್ಟು ವರ್ಷ ನಾನು ಮಾಡಿದ ಅಷ್ಟೂ ಕಾರ್ಡು ಅಡ್ಡವೇ. ತೆಳು ಹಾಳೆ ಆಗಿದ್ದಕ್ಕೆ ಬಚಾವು.

ನಂಬದಿದ್ದರೆ ನೋಡು ಅಂತ ಒಂದು ಹಾಳೆಯನ್ನು ಮುರಿಯದಂತೆ ಎರಡೂ ಕಡೆಯಿಂದ ಬಾಗಿಸಿ ತೋರಿಸಿದರು. ಒಂದು ಕಡೆ ಮೆತ್ತಗೆ ಬಾಗಿತು, ಇನ್ನೊಂದು ಕಡೆ ಎದುರು ನಿಂತಿತು. ಹಳೇ ಪತ್ರಿಕೆ ತಗೊಂಡು ಹರಿದರು. ಮೇಲಿಂದ ಕೆಳಕ್ಕೆ ಸರ್ರನೆ ನೇರ ಬಂತು, ಅಡ್ಡಕ್ಕೆ ಸೊಟ್ಟಸೊಟ್ಟ. ಬೋಂಡಾ ಕಟ್ಟಿಸಿಕೊಂಡ ಪತ್ರಿಕೆಯನ್ನು ಎಷ್ಟು ಸಲ ಹರಿದಿದ್ದೇನೋ, ಇದು ಕಣ್ಣಿಗೇ ಬಿದ್ದಿರಲಿಲ್ಲ.

ಕೊನೆಗೆ ಕಾರ್ಡು ಬಿಚ್ಚಿದರು. ಮನೆ ಎದ್ದು ನಿಂತಿತು. ಜಗಲಿಯಲ್ಲಿ ಪುಟಾಣಿ ಅಪ್ಪ ಕೂತು ಪೇಪರ್ ಓದುತ್ತಿದ್ದರು, ಕೈಯಲ್ಲಿ ನಿಜವಾದ ಪತ್ರಿಕೆಯದೇ ಚೂರು. ನನಗೆ ತುಂಬ ಹೆಮ್ಮೆಯ ಜಾಗ ಅದು.

"ಈ ನ್ಯೂಸ್‌ಪ್ರಿಂಟು ಬೇಗ ಹಳದಿ ಆಗುತ್ತೆ."

"ಆಗ್ಲಿ ಬಿಡಿ. ನೀವೂ ನರೆತಿಲ್ವಾ?"

ನಗಲಿಲ್ಲ. ಕಾರ್ಡು ಮುಚ್ಚಿ ನನ್ನ ಕೈಗೆ ಕೊಟ್ಟು, "ಇದು ಬ್ರೋಕು" ಅಂದರು. ಫ್ಯಾಕ್ಟ್ರಿಯಲ್ಲಿ ಕೆಟ್ಟ ಕಾಗದಕ್ಕೆ ಆ ಹೆಸರು. ಮತ್ತೆ ನೀರಿಗೆ ಹಾಕಿ, ಕಲಸಿ, ಹೊಸ ಕಾಗದ ಮಾಡುತ್ತಾರೆ. ಮೂರು ರಾತ್ರಿಯ ಕೆಲಸ, ಒಂದೇ ಮಾತು.

ಉಳಿದದ್ದು ಆರು ಹಾಳೆ, ಎಲ್ಲವೂ ಎ4. ಎಳೆಯ ಜೊತೆ ಮಡಿಸಬೇಕೆಂದರೆ ಉದ್ದಕ್ಕೆ ಮಡಿಸಬೇಕು. ಆಗ ಕಾರ್ಡು ಪಂಚಾಂಗದ ಆಕಾರ ಬಿಟ್ಟು ಹಲಗೆಯ ಆಕಾರಕ್ಕೆ ಬರುತ್ತದೆ: ಸುಮಾರು 30 ಸೆಂ.ಮೀ. ಅಗಲ, ಎತ್ತರ ಹತ್ತೂವರೆ ಅಷ್ಟೇ. ನನ್ನ ಎತ್ತರದ ಮನೆ, ನುಗ್ಗೆಮರ ಯಾವುದೂ ಅದರಲ್ಲಿ ಹಿಡಿಯುವುದಿಲ್ಲ. ಎದ್ದು ನಿಲ್ಲುವ ಕಾರ್ಡಿಗೆ ಒಂದು ಲೆಕ್ಕ ಇದೆ. ಮನೆಯ ಮುಂಗೋಡೆ ಮಡಿಕೆಯಿಂದ ಎಷ್ಟು ಮುಂದಿದೆಯೋ ಚಾವಣಿ ಅಷ್ಟೇ ಆಳ ಇರಬೇಕು. ಗೋಡೆ ಎಷ್ಟು ಎತ್ತರವೋ, ಹಿಂದಿನ ಹಾಳೆಯಲ್ಲಿ ಚಾವಣಿ ಅಂಟುವ ಗೆರೆಯೂ ಮಡಿಕೆಯಿಂದ ಅಷ್ಟೇ ಎತ್ತರ. ಆ ಎರಡನ್ನೂ ಕೂಡಿದರೆ ಪುಟದ ಅಳತೆಗಿಂತ ಕಡಿಮೆ ಬರಬೇಕು, ಇಲ್ಲದಿದ್ದರೆ ಮುಚ್ಚಿದಾಗ ಮನೆಯ ಮೂಗು ಆಚೆ ಇಣುಕುತ್ತದೆ. 5 ಮತ್ತು 3 ಇಟ್ಟುಕೊಂಡೆ. ಐದು ಸೆಂ.ಮೀ. ಎತ್ತರದ ಮನೆ ಮೂವತ್ತು ಸೆಂ.ಮೀ. ಅಗಲದಲ್ಲಿ ಒಂಟಿಯಾಗಿ ಪೆಚ್ಚಾಗಿ ನಿಂತಿತ್ತು.

"ಒಂದೇ ಮನೆ ಯಾಕೆ? ಲೈನೇ ಇತ್ತಲ್ಲ" ಅಂದರು ಅಪ್ಪ.

ಹೌದಲ್ವಾ. ನಮ್ಮದು ಸಾಲುಮನೆ. ಒಂದು ಉದ್ದದ ಗೋಡೆ, ಒಂದೇ ಚಾವಣಿ, ಐದು ಬಾಗಿಲು. ಮಾಡುವುದಕ್ಕೂ ಸುಲಭ, ಒಂದೇ ಪಟ್ಟಿ.

ಅಪ್ಪನಿಗೆ ಕೆಲಸ ಸಿಕ್ಕಿತು. ಮಡಿಕೆ ಗೆರೆಯನ್ನು ಇಂಕು ಮುಗಿದ ರೀಫಿಲ್ಲಿನಿಂದ ಸ್ಕೇಲ್ ಹಿಡಿದು ಒತ್ತಿ ಎಳೆದರು. ಒತ್ತಿದ ಕಡೆಗೇ ಮಡಿಸಲು ಹೋದ ನನ್ನ ಕೈ ತಡೆದರು. ತಗ್ಗು ಹೊರಗಿರಬೇಕು, ಉಬ್ಬು ಒಳಗೆ. ಮಡಿಸಿದ ಮೇಲೆ ಚಮಚದ ಬೆನ್ನಿಂದ ಉಜ್ಜಿದರು. ಗೆರೆ ದಾರದಷ್ಟು ನೇರ. ಬಿರುಕಿಲ್ಲ.

ಮಳೆ ಮಾತ್ರ ಬಿಡಲಿಲ್ಲ. ಆ ತಂಡಿಗೆ ಫೆವಿಕಾಲ್ ಒಣಗುವುದೇ ಇಲ್ಲ. ಮೊದಲ ಪಟ್ಟಿಗೆ ಜಾಸ್ತಿ ಹಾಕಿದ್ದು ನನ್ನದೇ ತಪ್ಪು, ಗೋಡೆ ಹಪ್ಪಳದ ಹಾಗೆ ಡೊಂಕಾಯಿತು. ಆಮೇಲೆ ಬೆಂಕಿಕಡ್ಡಿ ತುದಿಯಲ್ಲಿ ಚೂರೇ ಚೂರು ತೆಗೆದು ಎಳೆದೆ. ಬಾಗಿಲುಗಳಿಗೆ ಹಳೇ ಲಗ್ನಪತ್ರಿಕೆ ಕತ್ತರಿಸಿದೆ. ಒಬ್ಬ ದೊಡ್ಡಪ್ಪನ ಮಗನ ಮದುವೆಯದು, ಒಳ್ಳೆ ಅರಿಸಿನ ಬಣ್ಣ. ಹಗ್ಗದ ಮೇಲೆ ಒಣಗುವ ಸೀರೆಗೆ ಗಾಳಿಪಟದ ಕಾಗದ. ಮಿಂಚುಪುಡಿ ಹಾಕಲಿಲ್ಲ. ಮಿಂಚುಪುಡಿ ಹಾಕಿದ ಕಾರ್ಡು ನನಗೆ ಆಗುವುದಿಲ್ಲ, ವಾರವಾದರೂ ಸಾರಿನಲ್ಲಿ ಹೊಳೆಯುತ್ತಿರುತ್ತದೆ. ಪೇಪರ್ ಓದುವ ಅಪ್ಪನನ್ನು ಹಳೆಯ ಕಾರ್ಡಿನಿಂದ ಬಿಡಿಸಿ ಎರಡನೇ ಬಾಗಿಲ ಮುಂದೆ ಕೂರಿಸಿದೆ. ರಾತ್ರಿ ಕಾರ್ಡನ್ನು ಪತ್ರಿಕೆಯ ನಡುವೆ ಇಟ್ಟು ಹಾಸಿಗೆಯ ಕೆಳಗೆ ಸೇರಿಸಿ ಅದರ ಮೇಲೇ ಮಲಗಿದೆ.

ನಾನು ಇದರಲ್ಲಿ ಮುಳುಗಿದ್ದಾಗ ಅಪ್ಪ ಉಳಿದ ಹಾಳೆಗಳಲ್ಲಿ ಒಂದನ್ನು ಕೇಳಿದರು. ಏನಕ್ಕೆ ಅಂದರೆ ಉತ್ತರ ಇಲ್ಲ. ಒಳಗಿನಿಂದ ಬಿಳಿ ಹಾಳೆ ತಂದರು, ಬಾಗಿಸಿ ನೋಡಿ ಕತ್ತರಿಸಿದರು, ಒಂದರೊಳಗೊಂದು ಮಡಿಸಿಟ್ಟರು. ಅಮ್ಮನ ಹೊಲಿಗೆ ಡಬ್ಬಿಯಿಂದ ದಬ್ಬಣ ತಂದು ಬೆನ್ನಿಗೆ ಮೂರು ತೂತು. ನಡುವಿನ ತೂತಿಂದ ಸೂಜಿ ಇಳಿಸಿ, ಮೇಲೆ ಹೋಗಿ, ಕೆಳಗೆ ಬಂದು, ಮತ್ತೆ ನಡುವೆ ತಂದು ಗಂಟು. ಕನ್ನಡಕ ಹಣೆಯ ಮೇಲೇ ಇತ್ತು. ಅಂಗೈ ಅಗಲದ ಪುಸ್ತಕ, ಇಟ್ಟಿಗೆ ಬಣ್ಣದ ರಟ್ಟು. ನಾನು ಚಿಕ್ಕವಳಿದ್ದಾಗ ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿದ್ದ ಹಾಲಿನ ಲೆಕ್ಕದ ಪುಸ್ತಕ ನೆನಪಾಯಿತು. ಅದು ಅಂಗಡಿಯದಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ.

ಭಾನುವಾರ ಪಾಯಸ ಆದಮೇಲೆ ಅಮ್ಮನ ಕೈಗೆ ಕಾರ್ಡು ಕೊಟ್ಟೆ. ಸೆರಗಿಗೆ ಕೈ ಒರೆಸಿ ತಗೊಂಡಳು. ಒಳಗೆ ಏನು ಬರೆಯಬೇಕು ಅಂತ ತಿಳಿಯದೆ "ಅಮ್ಮನಿಗೆ, 70" ಅಂತ ಮಾತ್ರ ಬರೆದಿದ್ದೆ. ಅದನ್ನು ಅವಳು ಓದಿದಳೋ ಇಲ್ಲವೋ. ಸಾಲುಮನೆ ಎದ್ದು ನಿಂತಿತು. ಮುಚ್ಚಿದಳು. ಮತ್ತೆ ಬಿಚ್ಚಿದಳು.

"ಇದು ನರ್ಸಮ್ಮನ ಮನೆ," ಮೊದಲ ಬಾಗಿಲ ಮೇಲೆ ಬೆರಳಿಟ್ಟಳು. "ನಿಂಗೆ ಜ್ವರ ಬಂದಾಗೆಲ್ಲ ಇವ್ರ ಮನೆಗೇ ಓಡೋದು. ಇದು ನಮ್ದು. ಇದು ಟೈಂ ಆಫೀಸಿನವ್ರದು, ಅವ್ರ ಹೆಂಡ್ತಿ ಕೈಯ ಸಾರಿನ ಪುಡಿ ಈಗ್ಲೂ ನನ್ನ ಬಾಯಲ್ಲಿದೆ. ಇದು ಬಾಯ್ಲರಿನವ್ರದು. ಕೊನೇದು..." ನಿಲ್ಲಿಸಿದಳು. "ಕೊನೇ ಮನೇಲಿ ಯಾರಿದ್ರು ರೀ?"

ಅಪ್ಪನಿಗೂ ನೆನಪಾಗಲಿಲ್ಲ. ಅರ್ಧ ಗಂಟೆ ಇಬ್ಬರೂ ಅದೇ ಚರ್ಚೆ. ಮೊದಲು ಯಾರಿದ್ದರು, ಅವರಿಗೆ ಟ್ರಾನ್ಸ್‌ಫರ್ ಆದಮೇಲೆ ಯಾರು ಬಂದರು, ನಾಯಿ ಸಾಕಿದ್ದು ಯಾರು. ನನ್ನನ್ನು ಯಾರೂ ಕೇಳಲಿಲ್ಲ. ನಡುವೆ ಒಮ್ಮೆ ಅಮ್ಮ ತಲೆ ಎತ್ತಿ, "ನಮ್ಮನೆ ತುಳಸಿಕಟ್ಟೆ ಎಡಗಡೆ ಇತ್ತು ಕಣೇ, ನೀನು ಬಲಕ್ಕೆ ಇಟ್ಟಿದೀಯ" ಅಂದಳು.

ಅಪ್ಪ ಆ ಪುಸ್ತಕ ಕೊಟ್ಟಿದ್ದನ್ನು ನಾನು ನೋಡಲಿಲ್ಲ. ಸೋಮವಾರ ಬೆಳಗ್ಗೆ ರೈಲಿಗೆ ಹೊರಡುವಾಗ ಕಾಫಿ ಲೋಟ ಇಡಲು ಅಡುಗೆಮನೆಗೆ ಹೋದೆ. ಬಾಗಿಲ ಹಿಂದಿನ ಮೊಳೆಗೆ ಅದು ನೇತಾಡುತ್ತಿತ್ತು, ದಾರಕ್ಕೆ ಒಂದು ಮೋಟು ಪೆನ್ಸಿಲ್ ಕಟ್ಟಿತ್ತು. ಮೊದಲ ಪುಟದಲ್ಲಿ ಅಮ್ಮನ ಕೈಬರಹದಲ್ಲಿ ತಾರೀಖು ಹಾಕಿ, ಮುಂದೆ ಬರೆದಿತ್ತು: ಹಾಲು 1 ಲೀಟರ್. ಮಗಳು ಇದ್ದಾಳೆ, ಅರ್ಧ ಜಾಸ್ತಿ.