ಮಾಗಡಿ ಕೆರೆಗೆ ಕ್ಯಾಮೆರಾ ಒಯ್ಯುವವರೇ, ನಿದ್ದೆ ಕೆಡಿಸಿಕೊಳ್ಳಬೇಡಿ

ಹಕ್ಕಿ ಫೋಟೋ ತೆಗೆಯಬೇಕಂದ್ರೆ ಸೂರ್ಯ ಹುಟ್ಟೋ ಮೊದಲೇ ಜಾಗದಲ್ಲಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೆ. ಶಿವರಾತ್ರಿ ಮುಗಿದ ವಾರ ನಾನು, ಗೆಳೆಯ ಹುಬ್ಬಳ್ಳಿಯಿಂದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೊರಟೆವು. ಮರುದಿನ ಬೆಳಿಗ್ಗೆ 6ಕ್ಕೆ ಕೆರೆ ಏರಿ ಮೇಲಿದ್ದೆವು. ನೀರಿನಲ್ಲಿ ನಾಲ್ಕು ಮೆಟ್ಟುಗಾಲು ಹಕ್ಕಿ, ದಂಡೆಯಲ್ಲಿ ಬಾಲ ಕುಣಿಸುವ ಗದ್ದೆಗೊರವ. ನಾವು ಹುಡುಕಿ ಬಂದ ಪಟ್ಟೆತಲೆ ಹೆಬ್ಬಾತು ಒಂದೂ ಇಲ್ಲ! ಎಮ್ಮೆ ಹೊಡಕೊಂಡು ಬಂದ ಅಜ್ಜ ನಕ್ಕರು. "ಅವು ಹೊಲಕ್ಕ ಮೇಯಾಕ ಹೋಗ್ಯಾವ್ರೀ ಸರ. ಬಿಸಿಲೇರಿದ ಮ್ಯಾಲ ಬರ್ತಾವ. ಚಾ ಕುಡದು ಬರ್ರಿ."

ಪಟ್ಟೆತಲೆ ಹೆಬ್ಬಾತು ಮೀನು ತಿನ್ನೋ ಹಕ್ಕಿ ಅಲ್ಲ. ಹೊಲದಲ್ಲಿ ಕಾಳು, ಹುಲ್ಲು ಮೇಯ್ದು ಕೆರೆಗೆ ಬರೋದು ವಿಶ್ರಾಂತಿಗೆ. ಹಿಮಾಲಯ ದಾಟಿ ಬರುವ ಇವು ಬೇಸಿಗೆ ಬಲಿಯುವ ಮೊದಲೇ ಹೊರಡುತ್ತವೆ. ನಾವು ಹೋದಾಗಲೇ ಅರ್ಧ ಹೋಗಿದ್ದವಂತೆ. ಜಾಸ್ತಿ ಬೇಕಂದ್ರೆ ಡಿಸೆಂಬರ್, ಜನವರಿ ನೋಡಿ. ಕೆರೆ ಇರೋದು ಸುಮಾರು 50 ಹೆಕ್ಟೇರ್, 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಗದಗದಿಂದ 26 ಕಿಲೋಮೀಟರ್, ಲಕ್ಷ್ಮೇಶ್ವರದಿಂದ 11.

ಹಿಂದಿನ ರಾತ್ರಿ ಉಳಿದ ಲಾಡ್ಜ್ ವಿಷಯ ಹೇಳಲೇಬೇಕು. ಫೋನಿನಲ್ಲಿ 500 ಅಂದವನು ಹೆಗಲ ಮೇಲಿನ ಲೆನ್ಸ್ ಬ್ಯಾಗ್ ನೋಡಿದ್ದೇ 1,200 ಅಂದ. ಬಕೆಟ್ ಬಿಸಿನೀರಿಗೆ ಮತ್ತೆ 30. ಫ್ಯಾನಿಗೆ ಎರಡೇ ಸ್ಥಿತಿ: ನಿಂತಿರೋದು, ಇಲ್ಲಾ ಹೆಲಿಕಾಪ್ಟರ್. ನಿದ್ದೆ ಎಲ್ಲಿಂದ ಬರಬೇಕು?

ಹೆಬ್ಬಾತುಗಳು ಎಂಟೂವರೆ ಹೊತ್ತಿಗೆ ಗುಂಪುಗುಂಪಾಗಿ ಇಳಿದವು. ಹತ್ತರ ಮೇಲೆ ತೆಗೆದ ಫೋಟೋ ಎಲ್ಲಾ ವೇಸ್ಟ್. ಬಿಸಿಲಿಗೆ ನೀರಿನ ಮೇಲಿನ ಗಾಳಿ ಕುದಿಯುತ್ತೆ, ದೂರದ ಹಕ್ಕಿ ನಡುಗಿದಂತೆ ಬರುತ್ತೆ. ಎಷ್ಟು ದುಬಾರಿ ಲೆನ್ಸ್ ಇದ್ರೂ ಅಷ್ಟೇ. ಬಿಳಿ ತಲೆಯಂತೂ ಸುಣ್ಣ ಬಳಿದಂತೆ ಕಾಣುತ್ತೆ, ಎಕ್ಸ್‌ಪೋಷರ್ (ಫೋಟೋಗೆ ಬೀಳುವ ಬೆಳಕು) ಸ್ವಲ್ಪ ಮೈನಸ್ ಇಡಿ.

ಬೇಜಾರಾಗಿ ಲಕ್ಷ್ಮೇಶ್ವರಕ್ಕೆ ಊಟಕ್ಕೆ ಹೋದೆವು. ಬೋರ್ಡೂ ಸರಿಯಾಗಿ ಇಲ್ಲದ ಖಾನಾವಳಿ, ನಾಲ್ಕೇ ಬೆಂಚು. ಒಳಗೆ ಅಕ್ಕ ಒಬ್ಬರು ರೊಟ್ಟಿ ಬಡಿಯುತ್ತಿದ್ದರು, ಸದ್ದು ರಸ್ತೆಗೇ ಕೇಳುತ್ತಿತ್ತು. ಉಬ್ಬಿದ ಬಿಸಿ ಜೋಳದ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ ಮೇಲೆ ಗಟ್ಟಿ ಮೊಸರು. ಕಚ್ಚಿಕೊಳ್ಳಲು ಹಸಿ ಉಳ್ಳಾಗಡ್ಡಿ, ಹಕ್ಕರಕಿ ಸೊಪ್ಪು. ಸಾಕು ಅಂದ್ರೂ "ಇನ್ನೊಂದ್ ಅರ್ಧ ತಗೋರಿ ಅಣ್ಣಾರ" ಅಂತ ಪೂರ್ತಿ ರೊಟ್ಟಿನೇ ಹಾಕಿದರು. ಇಬ್ಬರಿಗೂ ಸೇರಿ 160 ರೂಪಾಯಿ. ಇದೊಂದಕ್ಕೇ ಮತ್ತೆ ಹೋಗಬಹುದು.

ಊಟ ಮುಗಿಸಿ ಹೊರಬಂದರೆ ಮೋಡ. ಗೆಳೆಯ ಮನೆಗೆ ಹೋಗೋಣ ಅಂದ. ನಾನು ಹಟ ಮಾಡಿ ಕೆರೆಗೆ ಕರೆದುಕೊಂಡು ಹೋದೆ. ಬಿಸಿಲಿಲ್ಲ, ನಡುಕ ಇಲ್ಲ, ತಲೆಯ ಎರಡು ಕಪ್ಪು ಪಟ್ಟೆ ಗೆರೆ ಎಳೆದಂತೆ ಸ್ಪಷ್ಟ. ಬೂದು ಆಕಾಶಕ್ಕೆ ಹಾರುವ ಹಕ್ಕಿ ಕಪ್ಪಾಗುತ್ತೆ, ಆಗ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದ್ರೆ ಬೆಳಕು ಎರಡರಷ್ಟು, ಪ್ಲಸ್ ಮಾಡಿ. ಇನ್ನೊಂದು: ಹಕ್ಕಿ ಏಳೋದೂ ಇಳಿಯೋದೂ ಗಾಳಿಗೆ ಎದುರಾಗಿ. ಗಾಳಿ ನಿಮ್ಮ ಬೆನ್ನಿಗೆ ಬೀಸಿದರೆ ಮುಖ ಸಿಗುತ್ತೆ, ಇಲ್ಲಾಂದ್ರೆ ಬರೀ ಬಾಲ. ನಾಲ್ಕರ ಹೊತ್ತಿಗೆ ಗಾಳಿ ತಿರುಗಿತು, ನಾವೂ ಏರಿ ಮೇಲೆ ಓಡಿ ಜಾಗ ಬದಲಿಸಿದೆವು. ಹತ್ತು ನಿಮಿಷ ದಪ್ಪ ಹನಿ ಬಿತ್ತು. ಹಾಲಿನ ಪ್ಯಾಕೆಟ್ ಕತ್ತರಿಸಿ ಕ್ಯಾಮೆರಾಕ್ಕೆ ಟೋಪಿ ಹಾಕಿದೆ. ನೀವು ದೊಡ್ಡ ಪ್ಲಾಸ್ಟಿಕ್ ಚೀಲವನ್ನೇ ಒಯ್ಯಿರಿ.

ಬೆಳಿಗ್ಗೆ ತಡವಾಗಿ ಹೊರಟು ಅದೇ ದಿನ ವಾಪಸ್ ಬಂದರೆ ರೂಮಿನ ಗೋಜೇ ಇಲ್ಲ. ಉಳಿಯಲೇಬೇಕಾದರೆ ಲೆನ್ಸನ್ನು ರೊಟ್ಟಿ ಬುತ್ತಿಯ ಚೀಲದಲ್ಲಿಟ್ಟುಕೊಂಡು ರೇಟ್ ಕೇಳಿ.