ಮೂಸಿ ನೋಡಿ

ಬುಧವಾರ ಬೆಳಿಗ್ಗೆ ಮೀನಿನ ಕಾಕಾ ನಮ್ಮ ಗೇಟಿನ ಮುಂದೆ ನಿಂತು, ಒಂದು ಮತ್ತಿ ಮೀನಿನ ಕಿವಿರನ್ನು ಹೆಬ್ಬೆರಳಿನಿಂದ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು. "ಮೂಸಿ ನೋಡಿ ಅಕ್ಕಾ" ಎಂದರು. ಮೂಸಿದೆ. ಮೀನಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಕಿವಿರು ಆಗ ತಾನೇ ಅರೆದ ಖಾರದಷ್ಟು ಕೆಂಪಗಿತ್ತು. ಆದರೂ "ಇವತ್ತು ಬೇಡ ಕಾಕಾ" ಎಂದು ಒಳಗೆ ಬಂದೆ.

ಈ ಕಾಕಾ ಕೊಡಗಿನ ನಮ್ಮ ಬೀದಿಗೆ ಬರಲು ಶುರುಮಾಡಿ ಇಪ್ಪತ್ತು ವರ್ಷವಾಗಿರಬಹುದು. ಗಡಿಯಾಚೆಗಿನ ಕೇರಳದ ಇರಿಟ್ಟಿಯ ಕಡೆಯವರು. ಮೊದಲು ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು, ಈಗ ಗೂಡ್ಸ್ ಆಟೋ. ಅಲ್ಲಿಂದ ಬರುವ ಮಾಕುಟ್ಟದ ಘಾಟಿ ರಸ್ತೆ ಕುಸಿದು ಮುಚ್ಚಿದ ಮಳೆಗಾಲದಲ್ಲಿ ಬಿಟ್ಟರೆ ಬೇರೆ ಯಾವ ಕಾರಣಕ್ಕೂ ಅವರು ತಪ್ಪಿಸಿದ್ದು ನನಗೆ ನೆನಪಿಲ್ಲ. ಅವರ ಹಾರ್ನ್ ಕೇಳಿದರೆ ನಮ್ಮ ಅತ್ತೆ ಗಡಿಯಾರ ನೋಡದೆ ಏಳೂವರೆ ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಹಳಸಿದ ಮೀನು ಕೊಟ್ಟದ್ದು ಒಂದು ಸಲವೂ ಇಲ್ಲ. ಹಾಗಿದ್ದರೂ ಅವರು ಕಿವಿರು ಎತ್ತಬೇಕಾಯಿತು, ನಾನು ಮೂಗು ಒಡ್ಡಿದೆ.

ಶುರುಮಾಡಿದ್ದು ಎದುರು ಮನೆಯವರು. ಒಳ್ಳೆಯ ಮನುಷ್ಯರೇ. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡುವವರು. ಆದರೆ ಮೊಬೈಲಿಗೆ ಬಂದದ್ದೆಲ್ಲ ಅವರಿಗೆ ವೇದವಾಕ್ಯ, ಹಡಗು ಮುಳುಗಿ ಕಡಲ ಮೀನಿಗೆ ಎಣ್ಣೆ ಸೇರಿದೆ ಎಂಬ ವಿಡಿಯೋ ಕೂಡ. ಅವತ್ತು ಜಗಲಿಯಲ್ಲಿ ಕೊಡೆ ಹಿಡಿದು ನಿಂತು (ಜಗಲಿಯಲ್ಲಿ ಕೊಡೆ ಯಾಕೆಂದು ಕೇಳಬೇಡಿ, ನಮ್ಮ ಕಡೆಯ ಮಳೆ ಅಡ್ಡಡ್ಡ ಬರುತ್ತದೆ) ಕೂಗಿದರು: "ಏನು ಕಾಕಾ, ಎಣ್ಣೆ ಮೀನು ತಂದಿರಾ?"

ಕಾಕಾ ನಗುತ್ತಲೇ ಹೇಳಿದರು: "ನೀವು ಎಣ್ಣೆಯಲ್ಲೇ ಅಲ್ಲವೇ ಸಾರ್, ಹುರಿಯುವುದು?"

ನಾವೆಲ್ಲ ನಕ್ಕೆವು. ಆ ನಗು ಮುಗಿಯುವಷ್ಟರಲ್ಲಿ ಅವರು ಪೆಟ್ಟಿಗೆಯಿಂದ ಮೀನು ತೆಗೆದು ಕಿವಿರು ಎತ್ತಿದ್ದರು. ಯಾರೂ ಕೇಳಿರಲಿಲ್ಲ. ಅದೇ ಈ ಮೂರು ದಿನ ನನ್ನನ್ನು ಕೊರೆಯುತ್ತಿರುವುದು. ಮಾಕುಟ್ಟದಿಂದ ನಮ್ಮ ಮನೆಯವರೆಗೆ ಎಷ್ಟು ಗೇಟುಗಳ ಮುಂದೆ ಹೀಗೆ ಎತ್ತಿ ತೋರಿಸಿ ಅವರ ಹೆಬ್ಬೆರಳಿಗೆ ಅದು ರೂಢಿಯಾಗಿತ್ತೋ.

2025ರ ಮೇ 25ರಂದು ಕೇರಳದ ಕಡಲಿನಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿದ್ದು ಎಲ್ಲರಿಗೂ ಗೊತ್ತು. ವಿಳಿಞ್ಞಂನಿಂದ ಕೊಚ್ಚಿಗೆ ಹೊರಟಿದ್ದ ಹಡಗು. 640 ಕಂಟೇನರ್‌ಗಳು, ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ಹಡಗಿನ ಟ್ಯಾಂಕುಗಳಲ್ಲಿ 367 ಟನ್ ಫರ್ನೇಸ್ ಎಣ್ಣೆ, 84 ಟನ್ ಡೀಸೆಲ್. ಸಿಬ್ಬಂದಿ 24 ಜನರೂ ಬದುಕಿದರು, ಅದೊಂದು ಸಮಾಧಾನ. ಎರಡು ವಾರ ಕಳೆಯುವಷ್ಟರಲ್ಲಿ, ಜೂನ್ 9ರ ಸೋಮವಾರ, ಕಣ್ಣೂರಿನ ಅಳಿಕ್ಕಲ್‌ನಿಂದಾಚೆ ವಾನ್ ಹೈ 503 ಎಂಬ ಇನ್ನೊಂದು ಹಡಗಿಗೆ ಬೆಂಕಿ ಬಿತ್ತು. 22 ಜನರಲ್ಲಿ 18 ಮಂದಿಯನ್ನು ಮಂಗಳೂರಿಗೆ ತಂದಿಳಿಸಿದರು, ನಾಲ್ವರು ಸಿಕ್ಕಿರಲಿಲ್ಲ. ಕೊಲ್ಲಂ, ತಿರುವನಂತಪುರದ ಮರಳಿನ ಮೇಲೆ ಬಿಳಿ ಪ್ಲಾಸ್ಟಿಕ್ ಕಾಳುಗಳನ್ನು ಜನ ಜರಡಿ ಹಿಡಿದು ಸೋಸುತ್ತಿರುವ ಚಿತ್ರ ನೋಡಿದೆ. ನಾವು ಕಾಫಿ ಜರಡಿ ಹಿಡಿದ ಹಾಗೆಯೇ, ಅದೇ ಭಂಗಿ, ಅದೇ ಬಾಗಿದ ಬೆನ್ನು. ಕಾಳು ಕಡಲೆಬೇಳೆಗಿಂತ ಸಣ್ಣದು. ಮೀನಿನ ಕಣ್ಣಿಗೆ ಅದು ಮೊಟ್ಟೆಯ ಹಾಗೆ ಕಾಣುತ್ತದಂತೆ, ನುಂಗುತ್ತದಂತೆ.

ಹೆದರಿಕೆ ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಎಲ್ಸಾ ಮುಳುಗಿದ ಜಾಗ ಎಲ್ಲಿ, ಕಾಕಾ ಮೀನು ತರುವ ಕಣ್ಣೂರಿನ ಧಕ್ಕೆ ಎಲ್ಲಿ? ಕೊಚ್ಚಿಯಿಂದಲೇ ಲೆಕ್ಕ ಹಿಡಿದರೂ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಮುಳುಗಿದ ಜಾಗದ ಸುತ್ತ 20 ನಾಟಿಕಲ್ ಮೈಲಿಯೊಳಗೆ (ಸುಮಾರು 37 ಕಿಲೋಮೀಟರ್) ಬಲೆ ಹಾಕಬೇಡಿ ಎಂದು ಕೇರಳ ಸರ್ಕಾರ ಹೇಳಿತ್ತು. ಅದೇ ಸೋಮವಾರ ನಡುರಾತ್ರಿಯಿಂದ ಟ್ರಾಲಿಂಗ್ (ಬೋಟಿನಿಂದ ದೊಡ್ಡ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧವೂ ಶುರುವಾಗಿತ್ತು, ಜುಲೈ ಕೊನೆಯವರೆಗೆ ದೊಡ್ಡ ಬೋಟುಗಳು ಇಳಿಯುವಂತಿರಲಿಲ್ಲ. ಆಗ ಬರುತ್ತಿದ್ದುದೆಲ್ಲ ಸಾಂಪ್ರದಾಯಿಕ ದೋಣಿಯವರು ಹಿಡಿದ ಮೀನು. ಅಬ್ಬರದ ಕಡಲಿಗೆ ಇಳಿದು ಹಿಡಿದದ್ದು. ಇದನ್ನೆಲ್ಲ ಕಾಕಾ ಗೇಟಿನ ಮುಂದೆ ನಿಂತು ಹೇಳಲಿಲ್ಲ. ಹೇಳಿದ್ದರೆ ಎದುರು ಮನೆಯವರು ಇನ್ನೊಂದು ವಿಡಿಯೋ ತೋರಿಸುತ್ತಿದ್ದರು. ಅದಕ್ಕೇ ಕಾಕಾ ಮೂಗಿಗೇ ಹಿಡಿದುಬಿಟ್ಟರು.

ಎಣ್ಣೆ ನೀರಿಗೆ ಬಿದ್ದರೆ ಏನಾಗುತ್ತದೆ ಎಂಬುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಾಲ್ಕು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿತು. ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲು ಕೆರೆಯ ಏರಿಯ ಮೇಲೆ ಡೀಸೆಲ್ ಪಂಪು ಇಟ್ಟಿದ್ದೆವು. ಕೆಲಸದ ಹುಡುಗ ಡೀಸೆಲ್ ತುಂಬುವಾಗ ಕ್ಯಾನು ಜಾರಿತು. ಚೆಲ್ಲಿದ್ದು ಬಹಳವೇನಲ್ಲ, ಎರಡು ಲೋಟದಷ್ಟು. ನಾನು ನೋಡುತ್ತಿದ್ದಂತೆಯೇ ಅದು ಹರಡಿತು. ಮೊದಲು ಒಂದು ಚಾಪೆಯಷ್ಟು, ಆಮೇಲೆ ಒಂದು ಕಣದಷ್ಟು, ಆಮೇಲೆ ಕೆರೆಯ ಅರ್ಧಕ್ಕೆ ಕಾಮನಬಿಲ್ಲು. ನೋಡಲು ಚೆಂದವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆ ಬಣ್ಣ ನೀರಿನ ಮೇಲೆ ಓಡಾಡುವ ಉದ್ದ ಕಾಲಿನ ಹುಳುಗಳ ಹತ್ತಿರ ಬಂತು. ಆ ಹುಳುಗಳು ನೀರನ್ನು ನೆಲವೆಂದೇ ತಿಳಿದು ಬದುಕುವಂಥವು. ಬಣ್ಣ ತಗುಲಿದ ಕ್ಷಣ ಅವುಗಳ ಕಾಲು ಮುಳುಗಿತು. ಒಂದಾದ ಮೇಲೆ ಒಂದು, ಯಾರೋ ಕೆಳಗಿನಿಂದ ಎಳೆದ ಹಾಗೆ. ಅವುಗಳ ನೆಲವೇ ಹೋಗಿತ್ತು.

ಯಜಮಾನರು ಕೊಟ್ಟಿಗೆಯಿಂದ ಒಣಹುಲ್ಲು ತಂದು ಹರಡಿದರು. ಹುಲ್ಲು ಹೀರಿತು, ತೆಗೆದು ಸುಟ್ಟೆವು, ಮತ್ತೆ ಹರಡಿದೆವು. ಸಂಜೆಯವರೆಗೂ ಅದೇ ಕೆಲಸ. ಎರಡು ಲೋಟ ಡೀಸೆಲಿಗೆ ಒಂದು ಹಗಲು. ಮಾರಿಷಸ್‌ನಲ್ಲಿ 2020ರಲ್ಲಿ ವಕಾಶಿಯೊ ಎಂಬ ಹಡಗು ಹವಳದ ದಿಬ್ಬಕ್ಕೆ ಸಿಕ್ಕಿ ಸುಮಾರು ಸಾವಿರ ಟನ್ ಎಣ್ಣೆ ಸುರಿದಾಗ ಅಲ್ಲಿನ ಜನ ಕಬ್ಬಿನ ಸೋಗೆಯನ್ನು ಬಟ್ಟೆಯ ಚೀಲಗಳಿಗೆ ತುಂಬಿ, ಹೊಲಿದು, ಉದ್ದುದ್ದ ಹಾವಿನಂತೆ ಕಡಲಿಗೆ ಬಿಟ್ಟಿದ್ದರು. ತಲೆಗೂದಲು ಕತ್ತರಿಸಿ ಕೊಟ್ಟವರೂ ಇದ್ದರು, ಕೂದಲೂ ಎಣ್ಣೆ ಹೀರುತ್ತದಲ್ಲ. ಆ ಚಿತ್ರ ಬಂದಾಗ ಸುಮ್ಮನೆ ನೋಡಿ ಮುಂದೆ ಹೋಗಿದ್ದೆ. ಕೆರೆಯ ಘಟನೆ ಆದ ಮೇಲೆ ಹುಡುಕಿ ಮತ್ತೆ ನೋಡಿದೆ.

ಡೀಸೆಲ್ ಆದರೂ ಗಾಳಿಗೆ ಹಾರಿಹೋಗುತ್ತದೆ. ಫರ್ನೇಸ್ ಎಣ್ಣೆ ಹಾಗಲ್ಲ. ಅದು ಜೋನಿಬೆಲ್ಲದ ಹಾಗೆ ಮಂದ. ಅಲೆ ಕಡೆದಂತೆಲ್ಲ ನೀರನ್ನು ಕುಡಿದು ಉಬ್ಬುತ್ತದೆ, ಕೊನೆಗೆ ಟಾರಿನ ಉಂಡೆಯಾಗಿ ದಡ ಸೇರುತ್ತದೆ. ಉಳ್ಳಾಲದಲ್ಲಿರುವ ನನ್ನ ನಾದಿನಿಗೆ ಆ ಉಂಡೆಗಳ ಪರಿಚಯ ಚೆನ್ನಾಗಿದೆ. ಮಳೆಗಾಲದ ಆಸುಪಾಸಿನಲ್ಲಿ ಮರಳಿನ ಮೇಲೆ ನಡೆದರೆ ಹಿಮ್ಮಡಿಗೆ ಅಂಟುತ್ತದಂತೆ, ಸೋಪಿಗೆ ಬಗ್ಗುವುದಿಲ್ಲ, ತೆಂಗಿನೆಣ್ಣೆ ಹಚ್ಚಿ ಉಜ್ಜಬೇಕು. 2022ರ ಜೂನ್‌ನಲ್ಲಿ ಅವರ ಊರಿನ ಹತ್ತಿರವೇ ಪ್ರಿನ್ಸೆಸ್ ಮಿರಾಲ್ ಎಂಬ ಸಿರಿಯಾದ ಸಿಬ್ಬಂದಿಯಿದ್ದ ಹಡಗು ಸಿಕ್ಕಿಹಾಕಿಕೊಂಡಾಗ ಅವಳು ದಿನಾ ಬೆಳಿಗ್ಗೆ ಕಡಲ ಬಣ್ಣ ನೋಡಿ ಬಂದು ನಮಗೆ ಫೋನು ಮಾಡುತ್ತಿದ್ದಳು. "ಇವತ್ತು ಇಲ್ಲ ಅತ್ತಿಗೆ" ಎನ್ನುತ್ತಿದ್ದಳು. ಜ್ವರ ಬಂದಿದೆಯೇ ಎಂದು ಮಗುವಿನ ಹಣೆ ಮುಟ್ಟಿ ನೋಡಿದವರ ಧ್ವನಿ. ಬೇರೆಯವರ ಕಡಲು ಎಂದು ನಾನು ಆಗ ಹೂಂಗುಟ್ಟಿದ್ದೆ.

ಕಡಲಿಗೆ ವಿಮಾನದಿಂದ ಏನೋ ಔಷಧಿ ಸಿಂಪಡಿಸಿದರು ಎಂದು ಟಿವಿಯಲ್ಲಿ ಹೇಳಿದಾಗ ಅತ್ತೆಗೆ ಸಮಾಧಾನವಾಯಿತು. ನಮಗೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿ ಅಭ್ಯಾಸ, ಸಿಂಪಡಿಸಿದರೆ ರೋಗ ಹೋಗುತ್ತದೆ ಎಂಬ ನಂಬಿಕೆ. ಆದರೆ ಆ ಔಷಧಿ ಎಣ್ಣೆಯನ್ನು ಇಲ್ಲವಾಗಿಸುವುದಿಲ್ಲ. ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನೊಳಗೆ ಬೆರೆಸುತ್ತದೆ. ದಡವೂ ಹಕ್ಕಿಯ ರೆಕ್ಕೆಯೂ ಉಳಿಯಬಹುದು, ಕೆಳಗಿನ ಮೊಟ್ಟೆ ಮರಿಗಳ ಪಾಲಿಗೆ ಅದು ಹತ್ತಿರ ಬಂದ ಹಾಗೆ. ಬೆಳೆದ ಮೀನು ಈಜಿ ದೂರ ಹೋಗುತ್ತದೆ. ಮೊಟ್ಟೆ ಎಲ್ಲಿಗೆ ಹೋಗುತ್ತದೆ? ಅಂದರೆ ನಷ್ಟ ಇವತ್ತಿನ ಬುಟ್ಟಿಯಲ್ಲಿ ಕಾಣುವುದಿಲ್ಲ, ಬರುವ ವರ್ಷಗಳ ಬಲೆಯಲ್ಲಿ ಕಾಣುತ್ತದೆ. ನಾವೋ ಇವತ್ತಿನ ಬುಟ್ಟಿಯನ್ನು ಮೂಸುತ್ತೇವೆ. ತೊಂದರೆಗೊಳಗಾದ ಮೀನುಗಾರ ಕುಟುಂಬಗಳಿಗೆ ಕೇರಳ ಸರ್ಕಾರ 1,000 ರೂಪಾಯಿ ಮತ್ತು ಆರು ಕಿಲೋ ಅಕ್ಕಿ ಘೋಷಿಸಿತು. ಆರು ಕಿಲೋ ನಮ್ಮ ಮನೆಯ ನಾಲ್ಕು ಜನಕ್ಕೆ ಎಷ್ಟು ದಿನ ಬಂದೀತು ಎಂದು ಲೆಕ್ಕ ಹಾಕಿ, ಹಾಕಿದ್ದಕ್ಕೆ ಬೇಸರಪಟ್ಟುಕೊಂಡೆ.

ಬುಧವಾರ ರಾತ್ರಿ ಕರೆಂಟಿರಲಿಲ್ಲ. ನಿದ್ದೆ ಬಾರದೆ ಮಳೆ ಕೇಳುತ್ತ ಮಲಗಿದ್ದಾಗ ಅಳಿಕ್ಕಲ್ ಎಂಬ ಹೆಸರು ತಲೆಯಲ್ಲಿ ಸುತ್ತುತ್ತಿತ್ತು. ಆ ಹೆಸರು ನನಗೆ ಹೊಸದಲ್ಲ. ನಮ್ಮ ತೋಟದ ತೋಡು ಬಾರಪೊಳೆಗೆ ಸೇರುತ್ತದೆ. ಕಾವೇರಿ ಪೂರ್ವಕ್ಕೆ ಹೋದರೆ ಬಾರಪೊಳೆ ಪಶ್ಚಿಮಕ್ಕೆ ಧುಮುಕಿ, ಕೇರಳದಲ್ಲಿ ವಳಪಟ್ಟಣಂ ಹೊಳೆಯನ್ನು ಕೂಡಿ ಅಳಿಕ್ಕಲ್‌ನಲ್ಲಿ ಕಡಲಿಗೆ ಬೀಳುತ್ತದೆ. ಕೆರೆಯ ಕೋಡಿ ಹರಿದು ಹೋದ ನಮ್ಮ ಡೀಸೆಲ್ ಉಳಿಕೆ, ಕಾಫಿ ಪಲ್ಪಿಂಗ್ ಮಾಡಿದ ಹುಳಿ ನೀರು, ತೋಟಕ್ಕೆ ಹೊಡೆದ ಔಷಧಿ ತೊಳೆದ ನೀರು, ಎಲ್ಲವೂ ಹೋದದ್ದು ಅಲ್ಲಿಗೇ. ಕೆಳಗಿನವರು ಒಂದು ದಿನವೂ ಇಲ್ಲಿಗೆ ಬಂದು ನಮ್ಮ ನೀರನ್ನು ಮೂಸಲಿಲ್ಲ.

ಆಗ ಇನ್ನೊಂದು ಮಾತು ನೆನಪಿಗೆ ಬಂತು. "ನಮ್ಮ ಕಡೆ ಏನೂ ಆಗಿಲ್ಲ, ಬಂದು ನೋಡಿ." 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ ಕಡೆ ಗುಡ್ಡ ಕುಸಿದು ಜನ ಸತ್ತರು, ಮನೆ ಮಠ ಹೋದವು. ಹೊರಗಿನವರಿಗೆ ಕೊಡಗೆಂದರೆ ಒಂದೇ ಗುಡ್ಡ, ಅದು ಕುಸಿದಿದೆ, ಮುಗಿಯಿತು. ಮಳೆ ನಿಂತು ರಸ್ತೆ ತೆರೆದ ಮೇಲೂ ತಿಂಗಳುಗಟ್ಟಲೆ ಯಾರೂ ಬರಲಿಲ್ಲ. ಎದುರು ಮನೆಯವರದು ಆಗ ತಾನೇ ಸಾಲ ಮಾಡಿ ತೆರೆದ ಹೋಂಸ್ಟೇ. ಅದೇ ಜಗಲಿಯಲ್ಲಿ, ಬಹುಶಃ ಅದೇ ಕೊಡೆ ಹಿಡಿದು, ಅವರು ಬೆಂಗಳೂರಿನವರಿಗೆ ಫೋನಿನಲ್ಲಿ ಕೂಗುತ್ತಿದ್ದರು: "ಸಾರ್, ಆ ಜಾಗ ನಮ್ಮಿಂದ ಬಹಳ ದೂರ. ನಮ್ಮ ಕಡೆ ಏನೂ ಆಗಿಲ್ಲ, ಬಂದು ನೋಡಿ." ಮೊದಲ ವಾರ ಜೋರಾಗಿ ಹೇಳುತ್ತಿದ್ದರು. ಆಮೇಲೆ ಅಂಗಲಾಚುವ ಧ್ವನಿ. ಆಮೇಲೆ ಫೋಟೋ ತೆಗೆದು ಕಳಿಸುತ್ತಿದ್ದರು, ಗೇಟಿನದು, ಅಂಗಳದ್ದು, ನಿಂತೇ ಇರುವ ಗೋಡೆಗಳದ್ದು. ಯಾರೂ ಕೇಳದೆಯೇ.

ಇದನ್ನು ಅವರಿಗೆ ಹೇಳಬೇಕೆಂದು ಗುರುವಾರ ಎರಡು ಸಲ ಗೇಟಿನವರೆಗೆ ಹೋದೆ. ಹೇಳಲಿಲ್ಲ. ಅವರದು ಬರೀ ತಮಾಷೆ. ಮೀನು ಬೇಡವೆಂದು ಒಳಗೆ ಬಂದವಳು ನಾನು.

ನಿನ್ನೆ ಶುಕ್ರವಾರ ಏಳೂವರೆಗೆ ಹಾರ್ನ್ ಕೇಳಿತು. ಅತ್ತೆ ನನ್ನ ಮುಖ ನೋಡಿ, "ಕಾಚಂಪುಳಿ ಇದೆ, ತೆಂಗಿನಕಾಯಿಯೂ ಇದೆ, ಮೀನೊಂದೇ ಇಲ್ಲ" ಎಂದರು. ಪಾತ್ರೆ ಹಿಡಿದು ಹೊರಗೆ ಹೋದೆ. ಒಂದು ಕಿಲೋ ಮತ್ತಿ ಎಂದೆ. ಕಾಕಾ ಮುಚ್ಚಳ ಸರಿಸಿ ಒಂದು ಮೀನು ತೆಗೆದು ಹೆಬ್ಬೆರಳನ್ನು ಕಿವಿರಿಗೆ ಕೊಟ್ಟರು.

"ಬೇಡ ಕಾಕಾ, ತೂಗಿ" ಎಂದೆ.

"ನೋಡಿಬಿಡಿ ಅಕ್ಕಾ" ಎಂದು ಎತ್ತಿ ಹಿಡಿದೇ ನಿಂತರು. ನಾನು ನೋಡಿ ತಲೆಯಾಡಿಸುವವರೆಗೂ ಕೈ ಕೆಳಗಿಳಿಸಲಿಲ್ಲ. ಆಮೇಲೆ ತೂಗಿ, ತಕ್ಕಡಿಯ ಮೇಲೆ ಇನ್ನೆರಡು ಮೀನು ಹೆಚ್ಚಿಗೆ ಹಾಕಿದರು. ಹಾಕಬಾರದಿತ್ತು ಎನಿಸಿತು.

ಎದುರು ಮನೆಯ ಮುಂದೆ ಆಟೋ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದರು. ಬಾಗಿಲು ತೆರೆಯಲಿಲ್ಲ. ಒದ್ದೆಯಾದ ನಾಯಿಯೊಂದೇ ಬಾಲವಾಡಿಸುತ್ತ ಗೇಟಿನ ಸಂದಿಯಿಂದ ಮೂತಿ ಹೊರಗೆ ಹಾಕಿತು. ಕಾಕಾ ಕೈಯಲ್ಲಿ ಉಳಿದಿದ್ದ ಆ ಮೀನನ್ನು ಅದರತ್ತ ಎಸೆದು ಆಟೋ ಹತ್ತಿದರು. ನಾಯಿ ಮೂಸದೆಯೇ ನುಂಗಿತು.