ಎವರೆಸ್ಟ್ ಬೇಸ್ ಕ್ಯಾಂಪಾ, ಅನ್ನಪೂರ್ಣ ಸರ್ಕ್ಯೂಟಾ?

ಪುಣೆ ಹತ್ತಿರದ ಸಿಂಹಗಡ ಕೋಟೆಯ ಮೇಲೆ ಮಣ್ಣಿನ ಕುಡಿಕೆಯ ಮೊಸರು ತಿನ್ನುತ್ತಾ ಕೂತಾಗ ಈ ಪ್ರಶ್ನೆ ಬಂದೇ ಬರುತ್ತದೆ. ಪುಣೆಯಲ್ಲಿ ನಮ್ಮದೊಂದು ಸಣ್ಣ ಕನ್ನಡದ ಗುಂಪಿದೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರೇ ಜಾಸ್ತಿ. ಭಾನುವಾರ ಬೆಳಗಿನ ಜಾವ ಆತಕರವಾಡಿಯಲ್ಲಿ ಗಾಡಿ ನಿಲ್ಲಿಸಿ ಹತ್ತುತ್ತೇವೆ. ಮೇಲೆ ಹೋದಮೇಲೆ ಪಿಠಲ-ಭಾಕ್ರಿ, ಅಂದರೆ ಕಡಲೆಹಿಟ್ಟಿನ ಪಲ್ಯ, ರೊಟ್ಟಿ. "ಇದು ನಮ್ಮ ಜುಣುಕಾನ ಅಲ್ಲೇನು" ಎಂದು ಪ್ರತಿ ವಾರ ಯಾರಾದರೂ ಒಬ್ಬರು ಹೇಳಲೇಬೇಕು. ಅದಾದ ಮೇಲೆ ಹೊಸಬರಲ್ಲಿ ಒಬ್ಬರು ನನ್ನ ಕಡೆ ತಿರುಗುತ್ತಾರೆ. "ಸರ್, ನೀವು ಎರಡೂ ಮಾಡಿದೀರಂತೆ. ಯಾವುದು ಚಲೋ?"

ಎರಡು ಅಂದರೆ ನೇಪಾಳದ ಎರಡು ದೊಡ್ಡ ಟ್ರೆಕ್‌ಗಳು. ಒಂದು ಎವರೆಸ್ಟ್ ಬೇಸ್ ಕ್ಯಾಂಪ್, ಇನ್ನೊಂದು ಅನ್ನಪೂರ್ಣ ಸರ್ಕ್ಯೂಟ್. ಕೇಳುವವರಿಗೆ ಒಂದೇ ಪದದ ಉತ್ತರ ಬೇಕು. ನಾನು ತಿರುಗಿ ಕೇಳುತ್ತೇನೆ: "ಯಾರ ಜೊತೆ ಹೋಗ್ತೀರಿ?" ತಪ್ಪಿಸಿಕೊಳ್ಳುತ್ತಿದ್ದೇನೆ ಅಂತ ಅವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ನನ್ನ ಪಾಲಿಗೆ ಎಲ್ಲ ಇರುವುದು ಆ ಪ್ರಶ್ನೆಯಲ್ಲೇ.

ಮೊದಲು ದಾರಿಗಳು ಹೇಗಿವೆ ನೋಡಿ. ಎವರೆಸ್ಟ್ ಬೇಸ್ ಕ್ಯಾಂಪ್ ದಾರಿ ಕೋಲಿನ ಹಾಗೆ, ನೆಟ್ಟಗೆ. ವಿಮಾನದಲ್ಲಿ ಲುಕ್ಲಾಕ್ಕೆ ಹೋಗಿ ಇಳಿಯುತ್ತೀರಿ. ಅದೇ ಸುಮಾರು 2,850 ಮೀಟರ್ ಎತ್ತರ. ಅಲ್ಲಿಂದ ನಾಮ್ಚೆ ಬಜಾರ್ 3,440, ಡಿಂಗ್‌ಬೋಚೆ 4,410, ಲೊಬುಚೆ 4,940, ಗೋರಕ್ ಶೆಪ್ 5,164, ಕೊನೆಗೆ ಬೇಸ್ ಕ್ಯಾಂಪ್ 5,364. ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ವಾಪಸ್. ಅನ್ನಪೂರ್ಣದ್ದು ಬಳೆಯ ಹಾಗೆ. ಬೇಸಿಸಹರ್‌ನಲ್ಲಿ ಶುರು. ಅದು ಸಾವಿರ ಮೀಟರ್ ಕೂಡ ಇಲ್ಲ, ಭತ್ತದ ಗದ್ದೆ, ಬಾಳೆಗಿಡ ಇರುವ ಊರು. ಮರ್ಸ್ಯಾಂಗ್ದಿ ನದಿ ಹಿಡಿದು ಮೇಲೆ ಮೇಲೆ ಹೋಗಿ 3,540 ಮೀಟರಿನ ಮನಾಂಗ್, ಅದರಾಚೆ ಥೊರಾಂಗ್ ಲಾ ಎಂಬ ಪಾಸ್, ಅಂದರೆ ಬೆಟ್ಟಸಾಲನ್ನು ದಾಟುವ ಜಾಗ. 5,416 ಮೀಟರ್. ಅದನ್ನು ದಾಟಿ ಆಚೆ ಬದಿಯ ಮುಕ್ತಿನಾಥಕ್ಕೆ ಇಳಿದರೆ ಅದು ಬೇರೆಯದೇ ಲೋಕ. ಕಾಳಿಗಂಡಕಿ ಕಣಿವೆ, ಒಣ ಗುಡ್ಡ, ಮಧ್ಯಾಹ್ನ ಆದರೆ ಜೋರು ಗಾಳಿ.

ಅತಿ ಎತ್ತರದ ಜಾಗ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. 5,400 ಮೀಟರ್ ಹತ್ತಿರ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಿರುತ್ತದೆ. ಅಲ್ಲಿ ಶೂ ಲೇಸ್ ಕಟ್ಟಿ ಎದ್ದರೂ ಏದುಸಿರು. ಹಾಗಾಗಿ ಯಾವುದು ಕಷ್ಟ ಅನ್ನುವ ವಾದದಲ್ಲಿ ನನಗೆ ಆಸಕ್ತಿ ಇಲ್ಲ. ಯಾರಿಗಾದರೂ ಮೈ ಕೈಕೊಟ್ಟಾಗ ಈ ಕೋಲೂ ಬಳೆಯೂ ಏನು ಮಾಡುತ್ತವೆ, ಅದನ್ನು ನೋಡಬೇಕು.

ಬೇಸ್ ಕ್ಯಾಂಪಿಗೆ ನಾವು ಮೂವರು ಹೋಗಿದ್ದೆವು. ನಾನು, ಹುಬ್ಬಳ್ಳಿಯ ಗೆಳೆಯ, ಅವನ ಆಫೀಸಿನವನೊಬ್ಬ. ಹುಬ್ಬಳ್ಳಿಯವನು ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಗ. ಕಾತ್ರಜ್‌ನಿಂದ ಸಿಂಹಗಡದವರೆಗಿನ ರಾತ್ರಿ ಟ್ರೆಕ್ಕಿನಲ್ಲಿ ನಮ್ಮನ್ನೆಲ್ಲ ಹಿಂದೆ ಬಿಟ್ಟು ಹೋಗಿ ಮುಂದಿನ ಗುಡ್ಡದ ಮೇಲೆ ಕೂತು ಬೈಯುವವನು. ಲೊಬುಚೆಯಲ್ಲಿ ಅವನು ರಾತ್ರಿ ಊಟ ಮುಟ್ಟಲಿಲ್ಲ. ತಲೆನೋವು ಅಂದ. ಸ್ವಲ್ಪ ಹೊತ್ತಿಗೆ ವಾಂತಿ. ಅಷ್ಟು ಹೊತ್ತಿಗೂ "ಏನಾಗಿಲ್ಲ, ಗ್ಯಾಸು" ಅಂತಲೇ ವಾದ ಮಾಡುತ್ತಿದ್ದ. ಎತ್ತರದ ಕಾಯಿಲೆಯಲ್ಲಿ ಇದೊಂದು ತಮಾಷೆ. ಎಲ್ಲರಿಗೂ ಅದು ಗ್ಯಾಸೇ. ಗೈಡ್ ಮಾತ್ರ ವಾದಕ್ಕೆ ಇಳಿಯಲಿಲ್ಲ. ಬೆಳಿಗ್ಗೆ ಸಹಾಯಕನ ಜೊತೆ ಅವನನ್ನು ಫೆರಿಚೆಗೆ ಇಳಿಸಿದ. ಸುಮಾರು 600 ಮೀಟರ್ ಕೆಳಗೆ. ಅಲ್ಲಿ ಸೀಸನ್ನಿನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ದವಾಖಾನೆ ನಡೆಯುತ್ತದೆ. ಅದೇ ಸಂಜೆ ಅವನು ಎರಡು ತಟ್ಟೆ ದಾಲ್ ಭಾತ್ ತಿಂದನಂತೆ. ನಾವಿಬ್ಬರು ಬೇಸ್ ಕ್ಯಾಂಪ್, ಅದರ ಹತ್ತಿರದ ಕಾಲಾ ಪತ್ಥರ್ ಗುಡ್ಡ ಮುಗಿಸಿ ಅದೇ ದಾರಿಯಲ್ಲಿ ಇಳಿದು ಬಂದಾಗ ಬಿಸಿಲಿಗೆ ಮುಖ ಒಡ್ಡಿ ಕೂತಿದ್ದ. ಮೂವರೂ ಒಟ್ಟಿಗೇ ಕೆಳಗಿಳಿದೆವು.

ಕೋಲಿನ ಲಾಭ ಇದೇ. ಎಲ್ಲಿ ಬೇಕಾದರೂ ನಿಲ್ಲಬಹುದು, ಯಾರೂ ಕಳೆದುಹೋಗುವುದಿಲ್ಲ. ಮುಂದೆ ಹೋದವರು ಬರಲೇಬೇಕಾದ ದಾರಿ ಅದೊಂದೇ. ನಿಂತವನು ಏನೂ ನೋಡಲಿಲ್ಲ ಅಂತಲೂ ಅಲ್ಲ. ತೆಂಗ್‌ಬೋಚೆ ಮಠದ ಅಂಗಳದಿಂದಲೇ ಎವರೆಸ್ಟ್ ತುದಿ ಕಾಣುತ್ತದೆ. ಅಮಾ ದಬ್ಲಾಮ್ ಶಿಖರ ಅಂತೂ ದಿನಗಟ್ಟಲೆ ನಿಮ್ಮ ಜೊತೆಗೇ ನಡೆಯುತ್ತದೆ.

ಈಗ ಬಳೆಯ ಕಥೆ. ಅನ್ನಪೂರ್ಣಕ್ಕೆ ನಾನು ಹೋಗಿದ್ದು ಭಾವನ ಜೊತೆ, ಇಬ್ಬರೇ. ಥೊರಾಂಗ್ ಫೇದಿ ಅಂದರೆ ಪಾಸ್‌ನ ಬುಡ, ಸುಮಾರು 4,450 ಮೀಟರ್. ಅಲ್ಲಿಂದ ಬೆಳಗಿನ ಜಾವ ಹೊರಡಬೇಕು. ಹೊತ್ತೇರಿದರೆ ಪಾಸ್ ಮೇಲೆ ಗಾಳಿ ನಿಲ್ಲಗೊಡುವುದಿಲ್ಲ. ಒಂದೇ ದಿನದಲ್ಲಿ ಸಾವಿರ ಮೀಟರ್ ಏರು, ಆಮೇಲೆ 1,600 ಮೀಟರ್ ಇಳಿತ. ಹಿಂದಿನ ಸಂಜೆ ಊಟದ ಮೇಜಿನ ಹತ್ತಿರ ಗೈಡ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದು ಮಾತು ಹೇಳಿದ. ನಾಳೆ ನಿಮ್ಮಲ್ಲಿ ಒಬ್ಬರಿಗೆ ಆಗದಿದ್ದರೆ ಇಬ್ಬರೂ ವಾಪಸ್, ಇಲ್ಲವೇ ಬೇರೆ ಬೇರೆ. ಬೇರೆಯಾದರೆ ಮತ್ತೆ ಸಿಗುವುದು ಕೆಳಗಿನ ಪೋಖರಾ ಪಟ್ಟಣದಲ್ಲೇ.

ಅಲ್ಲಿಯವರೆಗೆ ನಕ್ಷೆಯಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದೆ. ಆದರೂ ತಲೆಗೆ ಹೋಗಿರಲಿಲ್ಲ. ಪಾಸ್ ದಾಟಿದವನು ಬೆಟ್ಟದ ಆಚೆ, ಹಿಂತಿರುಗಿದವನು ಈಚೆ. ನಡುವೆ ರಸ್ತೆಯಲ್ಲಿ ಸುತ್ತಿ ಬರಬೇಕೆಂದರೆ ಜೀಪಿನಲ್ಲಿ ದಿನಗಳೇ ಬೇಕು. ಹಿಂತಿರುಗಿದವನಿಗೆ ಮುಕ್ತಿನಾಥವೂ ಇಲ್ಲ, ಮಾರ್ಫಾದ ಸೇಬಿನ ತೋಟವೂ ಇಲ್ಲ. ಅರ್ಧ ಟ್ರೆಕ್ ಹೋಯಿತು. ಹಾಗಾಗಿ ಆ ರಾತ್ರಿ ಸಣ್ಣ ತಲೆನೋವನ್ನೂ ಮುಚ್ಚಿಡುವ ಆಸೆ ಹುಟ್ಟುತ್ತದೆ. ಬೇರೆಯವರ ಬಗ್ಗೆ ಹೇಳುತ್ತಿಲ್ಲ, ನನ್ನದೇ ಮಾತು. ನನಗೆ ತಲೆ ಸಣ್ಣಗೆ ಸಿಡಿಯುತ್ತಿತ್ತು. ಭಾವನಿಗೆ ಹೇಳಲಿಲ್ಲ. ಬೆಳಿಗ್ಗೆ ಅದು ಹೋಗಿತ್ತು, ದಾಟಿದೆವು, ಸರಿಹೋಯಿತು. ಸರಿಹೋಯಿತು ಅನ್ನುವ ಕಾರಣಕ್ಕೆ ನಾನು ಮಾಡಿದ್ದು ಸರಿ ಅಂತ ಆಗುವುದಿಲ್ಲ. ಮುಕ್ತಿನಾಥದಲ್ಲಿ ಬಿಸಿ ಚಹಾ ಕುಡಿಯುವಾಗ ಭಾವ ಬಾಯಿಬಿಟ್ಟ: "ನಿನ್ನೆ ರಾತ್ರಿ ನನಗೂ ತಲಿ ಹಿಡದಿತ್ತು. ನಿನಗ ಬ್ಯಾಸರ ಆಗ್ತದಂತ ಹೇಳಲಿಲ್ಲ." ಇಬ್ಬರೂ ನಕ್ಕೆವು. ಈಗ ನೆನೆಸಿಕೊಂಡರೆ ನಗು ಬರುವುದಿಲ್ಲ.

ಪಾಸ್ ಅಂದರೆ ಹವಾಮಾನದ ಜೂಜು ಕೂಡ. 2014ರ ಅಕ್ಟೋಬರಿನಲ್ಲಿ ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತ್ತಲ್ಲ, ಅದರ ಉಳಿಕೆಯೇ ಎರಡು ದಿನದ ಮೇಲೆ ಥೊರಾಂಗ್ ಲಾ ಸುತ್ತಮುತ್ತ ಹಿಮದ ಬಿರುಗಾಳಿಯಾಯಿತು. 40ಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ ಅಂದರೆ ಟ್ರೆಕ್ಕಿಗೆ ಒಳ್ಳೆಯ ತಿಂಗಳು ಅಂತಲೇ ಎಲ್ಲರೂ ಹೋಗುವುದು. ಹಾಗಾಗಿ ಪಾಸ್‌ನ ಬುಡದಲ್ಲಿ ಸುಮ್ನೆ ಕೂರಲು ಒಂದೆರಡು ದಿನ ಕೈಯಲ್ಲಿರಲೇಬೇಕು.

ಇಷ್ಟು ಹೇಳಿದ ಮೇಲೆ ಎಲ್ಲರೂ "ಹಾಗಾದರೆ ಬೇಸ್ ಕ್ಯಾಂಪೇ ಸೈ" ಅನ್ನುತ್ತಾರೆ. ತಡೀರಿ. ಮೈ ಎತ್ತರಕ್ಕೆ ಒಗ್ಗಿಕೊಳ್ಳುವ ವಿಷಯದಲ್ಲಿ ಅನ್ನಪೂರ್ಣವೇ ಮೇಲು, ನಡೆದು ಹೋದರೆ ಮಾತ್ರ. ಕೆಳಗಿನಿಂದ ಶುರು ಮಾಡುವುದರಿಂದ ಮೈಗೆ ಟೈಮ್ ಸಿಗುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಅನ್ನುತ್ತಾರೆ ವೈದ್ಯರು. ಆದರೆ ಈಗ ಮನಾಂಗ್‌ವರೆಗೂ ಜೀಪ್ ರಸ್ತೆ ಇದೆ. ರಜೆ ಉಳಿಸಲು ಜೀಪಿನಲ್ಲಿ ಸೀದಾ 3,500 ಮೀಟರಿಗೆ ಹೋಗಿ ಇಳಿದರೆ ಆ ಲಾಭವನ್ನು ಕೈಯಾರೆ ಕಳೆದುಕೊಂಡಂತೆ. ಹೇಳುವಷ್ಟು ಹೇಳಿದರೂ ನಮ್ಮ ಹಿಂಜವಡಿಯ ಐಟಿ ಹುಡುಗರು ಮಾಡುವುದು ಅದನ್ನೇ.

ರಸ್ತೆ ಬಂದಮೇಲೆ ಅನ್ನಪೂರ್ಣ ಕೆಟ್ಟುಹೋಯಿತು ಅನ್ನುವವರಿದ್ದಾರೆ. ಅರ್ಧ ನಿಜ. 1977ರಲ್ಲಿ ಹೊರಗಿನವರಿಗೆ ತೆರೆದಾಗ ಇದ್ದ ದಾರಿ ಈಗಿಲ್ಲ, ಜೀಪಿನ ಧೂಳಿದೆ. ಆದರೆ ಬಹಳ ಕಡೆ ಕೆಂಪು-ಬಿಳಿ ಬಣ್ಣದ ಗುರುತು ಹಿಡಿದು ಬೇರೆ ಕಾಲುದಾರಿಯಲ್ಲಿ ಹೋಗಬಹುದು. ಅಪ್ಪರ್ ಪಿಸಾಂಗ್ ಕಡೆಯ ದಾರಿ ಹಿಡಿದವರಿಗೆ ರಸ್ತೆ ಕೆಳಗೆ ಎಲ್ಲೋ ಒಂದು ಗೆರೆ ಅಷ್ಟೇ. ಇನ್ನು ಆ ರಸ್ತೆ ಅಲ್ಲಿಯವರಿಗೆ ಆಸ್ಪತ್ರೆಯ ದಾರಿ ಕೂಡ. ನಮ್ಮ ಫೋಟೋಗೋಸ್ಕರ ಅವರು ರಸ್ತೆ ಇಲ್ಲದೆ ಇರಬೇಕೇ?

ನೋಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಮಾತ್ರ. ಬೇಸ್ ಕ್ಯಾಂಪಿನಲ್ಲಿ ನಿಂತರೆ ಎವರೆಸ್ಟ್ ತುದಿ ಕಾಣುವುದಿಲ್ಲ. ಅದನ್ನು ನೋಡಲು ಕಾಲಾ ಪತ್ಥರ್ ಹತ್ತಬೇಕು. ಅಕ್ಟೋಬರ್-ನವೆಂಬರಿನಲ್ಲಿ ಹೋದರೆ ಹಳದಿ ಟೆಂಟುಗಳೂ ಇರುವುದಿಲ್ಲ. ಎವರೆಸ್ಟ್ ಏರುವವರು ಅಲ್ಲಿ ಬೀಡು ಬಿಡುವುದು ಏಪ್ರಿಲ್-ಮೇನಲ್ಲಿ. ಉಳಿದಂತೆ ಕಲ್ಲು, ಮಂಜುಗಡ್ಡೆ, ಪ್ರಾರ್ಥನೆಯ ಬಾವುಟ. ನಮ್ಮ ಜೊತೆ ಬಂದಿದ್ದ ಆಫೀಸಿನವನು "ಇಷ್ಟೇನಾ?" ಅಂದಿದ್ದ.

ರಜೆಯ ಲೆಕ್ಕ ಹಾಕುವಾಗ ಲುಕ್ಲಾ ಮರೆಯಬೇಡಿ. ಅಲ್ಲಿನ ರನ್‌ವೇ 527 ಮೀಟರ್, ಒಂದು ತುದಿಗೆ ಗೋಡೆಯಂಥ ಬೆಟ್ಟ, ಇನ್ನೊಂದು ತುದಿಗೆ ಕಣಿವೆ. ಮೋಡ ಕವಿದರೆ ವಿಮಾನ ಇಲ್ಲ. ಸೀಸನ್ನಿನಲ್ಲಿ ಬಹುತೇಕ ವಿಮಾನಗಳು ಕಠ್ಮಂಡುವಿನ ಬದಲು ರಾಮೇಛಾಪ್‌ನ ಮಂಥಲಿಯಿಂದ ಹೊರಡುತ್ತವೆ, ಅಂದರೆ ನಡುರಾತ್ರಿ ಎದ್ದು ನಾಲ್ಕೈದು ಗಂಟೆ ಗಾಡಿಯಲ್ಲಿ ಹೋಗಬೇಕು. ನಾವು ವಾಪಸ್ ಬರುವಾಗ ಲುಕ್ಲಾದಲ್ಲಿ ಎರಡು ದಿನ ಮಂಜು ನೋಡುತ್ತಾ ಕೂತೆವು. ಕಠ್ಮಂಡುವಿನಿಂದ ಪುಣೆಗೆ ಮಾಡಿಸಿದ್ದ ಟಿಕೆಟ್ ಹೋಯಿತು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ನೇಪಾಳಕ್ಕೆ ನಮಗೆ ವೀಸಾ ಬೇಡ. ಆದರೆ ವಿಮಾನ ಹತ್ತಲು ಪಾಸ್‌ಪೋರ್ಟ್ ಇಲ್ಲವೇ ಮತದಾರರ ಚೀಟಿ ಬೇಕು. ಆಧಾರ್ ಹಿಡಿದು ಹೋಗಬೇಡಿ. ವಿಮೆ ಮಾಡಿಸುವಾಗ ಎಷ್ಟು ಮೀಟರ್ ಎತ್ತರದವರೆಗೆ, ಹೆಲಿಕಾಪ್ಟರ್ ಸೇರಿದೆಯೋ ಇಲ್ಲವೋ ಓದಿ ನೋಡಿ. ಎತ್ತರದ ಕಾಯಿಲೆಗೆ ತಗೊಳ್ಳುವ ಡಯಾಮಾಕ್ಸ್ ಮಾತ್ರೆ ಗೆಳೆಯ ಕೊಟ್ಟ ಅಂತ ನುಂಗಬೇಡಿ, ಡಾಕ್ಟರನ್ನು ಕೇಳಿ. ವಿದೇಶಿ ಚಾರಣಿಗರು ಗೈಡ್ ಜೊತೆಗೇ ಹೋಗಬೇಕೆಂಬ ನಿಯಮ 2023ರ ಏಪ್ರಿಲ್‌ನಲ್ಲಿ ಬಂತು. ನಿಯಮ ಇರದಿದ್ದರೂ ನಾನು ಗೈಡ್ ಬೇಕು ಅಂತಲೇ ಹೇಳುತ್ತಿದ್ದೆ. ಲೊಬುಚೆಯಲ್ಲಿ ಅವನಿಲ್ಲದಿದ್ದರೆ ನಾವು "ಗ್ಯಾಸು" ಅನ್ನುವುದನ್ನು ನಂಬಿಬಿಡುತ್ತಿದ್ದೆವು.

ಸಿಂಹಗಡ ಹತ್ತಿದರೆ ಸಾಕಾ ಅಂತಲೂ ಕೇಳುತ್ತಾರೆ. ಕಾಲಿಗೆ, ಮಂಡಿಗೆ ಸಾಕು. ವಾರಕ್ಕೆ ಎರಡು ಸಲ, ಬೆನ್ನಿಗೆ ಐದಾರು ಕಿಲೋ ಹಾಕಿಕೊಂಡು, ಇಳಿಯುವುದನ್ನೂ ಅಭ್ಯಾಸ ಮಾಡಿ. ಆದರೆ ಗಡದ ತುದಿ ಸುಮಾರು 1,300 ಮೀಟರ್. ಎತ್ತರಕ್ಕೆ ಮೈ ಒಗ್ಗುವುದನ್ನು ಅದು ಕಲಿಸುವುದಿಲ್ಲ. ಹುಬ್ಬಳ್ಳಿಯವನನ್ನು ನೆನೆಸಿಕೊಳ್ಳಿ.

ಇನ್ನೊಂದು ಗುಂಪಿದೆ, ಅವರಿಗೆ ನನ್ನ ಲೆಕ್ಕಾಚಾರ ಏನೂ ಬೇಡ. ನಮ್ಮ ಸೋದರತ್ತೆ ಅಂಥವರು. ಮನೆಯ ದೇವರ ಪೆಟ್ಟಿಗೆಯಲ್ಲಿರುವ ಸಾಳಗ್ರಾಮ ಗಂಡಕಿಯದ್ದು. ಮುಕ್ತಿನಾಥ ವಿಷ್ಣುವಿನ 108 ದಿವ್ಯದೇಶಗಳಲ್ಲಿ, ಅಂದರೆ ಪುಣ್ಯಕ್ಷೇತ್ರಗಳಲ್ಲಿ ಒಂದು, ಗುಡಿಯ ಹಿಂದೆ 108 ತೀರ್ಥದ ಧಾರೆಗಳಿವೆ. ಆ ಸಾಳಗ್ರಾಮದೊಳಗಿನ ಚಕ್ರ, ಹಿಮಾಲಯ ಹುಟ್ಟುವ ಮೊದಲು ಅಲ್ಲಿದ್ದ ಸಮುದ್ರದ ಜೀವಿಯ ಗುರುತು ಎಂದು ನಾನು ವಿವರಿಸಲು ಹೋದೆ. ಅತ್ತೆ ಕೇಳಿಸಿಕೊಂಡು ಹೇಳಿದ್ದು ಇಷ್ಟು: "ಗಂಡಕಿ ತನಕಾ ಹೋಗಿ ಬರಿಗೈಲೆ ಬಂದೀಯಲ್ಲೋ ತಮ್ಮಾ!" ಅವರಿಗೆ ಅನ್ನಪೂರ್ಣ ಸರ್ಕ್ಯೂಟ್ ಅಂದರೆ ಮುಕ್ತಿನಾಥಕ್ಕೆ ಸುತ್ತುಬಳಸಿ ಹೋಗುವ ದಡ್ಡತನ. ಜೀಪೇ ಗುಡಿಯ ಹತ್ತಿರದವರೆಗೆ ಹೋಗುತ್ತದಲ್ಲ!

ಕಳೆದ ಭಾನುವಾರ ಕೇಳಿದವರು ವಿಜಯಪುರದ ಗಂಡ-ಹೆಂಡತಿ. ಇಬ್ಬರೂ ಚೆನ್ನಾಗಿ ನಡೆಯುತ್ತಾರೆ, ಒಬ್ಬರಿಗೊಬ್ಬರು ಸುಳ್ಳು ಹೇಳುವವರ ಹಾಗೆ ಕಾಣಲಿಲ್ಲ, 18 ದಿನ ರಜೆ ಇದೆ. ಅನ್ನಪೂರ್ಣ ಅಂದೆ, ಮನಾಂಗ್‌ಗಿಂತ ಬಹಳ ಕೆಳಗಿರುವ ಧಾರಾಪಾನಿಯಿಂದಲಾದರೂ ನಡೆದುಕೊಂಡೇ ಹೋಗಿ ಅಂತಲೂ ಹೇಳಿದೆ. ಆಯಿತು ಅಂದರು. ಕೆಳಗಿಳಿಯುವಾಗ ಆಕೆಯ ತಮ್ಮ ಅರ್ಧದಾರಿಯಲ್ಲಿ ಬಂಡೆಯ ಮೇಲೆ ಕೂತಿದ್ದ, ಮೇಲೆ ಬಂದೇ ಇರಲಿಲ್ಲ. "ಇವನೂ ಬರ್ತಾನ್ರೀ ನಮ್ಮ ಜೋಡಿ" ಅಂದರು ಆಕೆ. ನಾನು ಆಗಲೇ ಮಾತು ಬದಲಾಯಿಸಿದೆ. ಹಾಗಾದರೆ ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗಿ.